ಕರಿ ತಂತಿಯ ಗಂಟು

ಮನೆಯಿಂದ,
ಹದಿನೇಳನೇ ತಾರೀಕು, ಸೋಮವಾರ ಮಧ್ಯಾಹ್ನ

ಪ್ರೀತಿಯ ಸೂಜಿ,

ಹೇಗಿದ್ದೀಯಮ್ಮ? ಬೆರಳಿನ ಗಾಯ ಮಾಯಿತೇ? ಕೈಹೊಲಿಗೆ ಹಾಕಿ ಹಾಕಿ ನಿನ್ನ ಹೆಬ್ಬೆರಳು ಕೀವು ಕಟ್ಟಿದೆ ಎಂದು ನಿನ್ನ ಅಕ್ಕ ಫೋನಿನಲ್ಲಿ ಹೇಳಿದ್ದಳಂತೆ, ನಿನ್ನ ಅತ್ತೆ ಎರಡು ದಿನ ಅದನ್ನೇ ಜಪಿಸಿದಳು. ಬಿಸಿನೀರಿಗೆ ಉಪ್ಪು ಹಾಕಿ ಬೆರಳು ಅದ್ದಿಡು, ಹಾಗಂತ ಡಾಕ್ಟರಿಗೆ ತೋರಿಸುವುದನ್ನು ತಪ್ಪಿಸಬೇಡ. ನಮ್ಮ ಪ್ರಶ್ನೆಪತ್ರಿಕೆ ಹೇಗಿದ್ದಾಳೆ? ಬಿದ್ದ ಹಲ್ಲಿನ ಜಾಗದಲ್ಲಿ ಹೊಸದು ಬಂತೇ? ಇಲ್ಲಿದ್ದಾಗ ಒಂದು ಊಟ ಮುಗಿಸುವಷ್ಟರಲ್ಲಿ ನಲವತ್ತು ಪ್ರಶ್ನೆ ಕೇಳುತ್ತಿದ್ದಳು, ತಾತನಿಗೆ ಉತ್ತರ ಗೊತ್ತಿಲ್ಲದಿದ್ದರೆ ಸೊನ್ನೆ ಅಂಕ. ಎಂಟು ತುಂಬಿದ ದಿನ ಅವಳಿಗೆ ಏನು ಕೊಡಿಸಿದಿರೋ ತಿಳಿಯದು. ಇಲ್ಲಿ ನನ್ನ ಮಂಡಿ ಕೂತರೆ ಏಳುವುದಿಲ್ಲ, ಎದ್ದರೆ ಕೂರುವುದಿಲ್ಲ. ನಿನ್ನ ಅತ್ತೆಗೆ ಕೆಮ್ಮು ಬಿಟ್ಟರೆ ಬೇರೇನೂ ಇಲ್ಲ. ಬೇರೇನೂ ಇಲ್ಲ ಎಂದು ಬರೆದೆ, ಅದು ಸುಳ್ಳು. ಊಟಕ್ಕೆ ಕೂತಾಗ ಇವತ್ತಿಗೂ ಐದು ತಟ್ಟೆ ತೆಗೆದು, ಮೂರನ್ನು ವಾಪಸ್ಸು ಇಡುತ್ತಾಳೆ.

ನಾನು ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಸೂಜಿ ಎಂದು ಕರೆಯುವ ಹಕ್ಕು ಇನ್ನೂ ಇದೆಯೋ ಇಲ್ಲವೋ ಗೊತ್ತಿಲ್ಲ. ಆದರೆ ನೀನು ಸೊಸೆಯಾಗಿ ಬಂದ ವಾರದಲ್ಲೇ ನನ್ನ ಹರಿದ ಅಂಗಿಯನ್ನೂ ನನ್ನ ಬಾಯಿಯನ್ನೂ ಒಟ್ಟಿಗೆ ಹೊಲಿದುಬಿಟ್ಟವಳು ನೀನು, ಬೇರೆ ಹೆಸರಿನಿಂದ ಕರೆಯಲು ನಾಲಿಗೆ ಒಪ್ಪುವುದಿಲ್ಲ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೆ ನಾನು ಹೇಳಬೇಕಾದ್ದು ಬಿಟ್ಟು ಮಂಡಿನೋವಿನ ಮಾತಾಡಿ ಇಟ್ಟುಬಿಡುತ್ತೇನೆ. ಕಾಗದದಲ್ಲೂ ಅದನ್ನೇ ಮಾಡುತ್ತಿದ್ದೇನೆ, ನೋಡು.

ಆ ಮಧ್ಯಾಹ್ನದ ಮಾತಿಗೇ ಬರುತ್ತೇನೆ. ನೀನು ಹೇಳಿದ್ದೆಲ್ಲ ನನಗೆ ಬಾಯಿಪಾಠವಾಗಿದೆ. ನನ್ನ ಮಗ ಬೆಳಗಿನ ಶಾಲೆ ಬಸ್ಸು ಓಡಿಸಿ ಮನೆಗೆ ಬಂದಿದ್ದ, ಸಂಜೆಯ ಟ್ರಿಪ್ಪಿಗೆ ಇನ್ನೂ ಹೊತ್ತಿತ್ತು. ಹಿಂದಿನ ಕೋಣೆಯಲ್ಲಿ ನಿನ್ನ ಹೊಲಿಗೆ ಮಿಷನ್ನಿನ ಪ್ಲಗ್ಗು ಸಡಿಲವಾಗಿದೆ ಎಂದು ಬಿಚ್ಚಲು ಕೂತ. ನೀನು ಬಾಗಿಲ ಪಕ್ಕದ, ಇಡೀ ಕೋಣೆಗೆ ಸೇರಿದ ಸ್ವಿಚ್ ಆರಿಸಿದೆ, ಫ್ಯಾನು ನಿಂತಿತು, ಅವನು ಕೈ ಹಾಕಿದ. ಅವನ ಕೂಗು ಕೇಳಿ ಗಾಬರಿಯಲ್ಲಿ ಅದೇ ಸ್ವಿಚ್ಚನ್ನು ಇನ್ನೊಮ್ಮೆ ಒತ್ತಿ, ಹೊರಬಾಗಿಲಿಗೆ ಓಡಿ ಮೇನ್ ಎಳೆದೆ. ನಾನು ಬಂದಾಗ ಮೇನ್ ಕೆಳಗಿತ್ತು, ಆದರೆ ಕೋಣೆಯ ಸ್ವಿಚ್ ಹಾಕಿದಂತೆಯೇ ಇತ್ತು. ಮೂವತ್ತೊಂದು ವರ್ಷ ನೆಲದಡಿಯ ಕೇಬಲ್ಲು ಜೋಡಿಸಿ, ಎಲ್ಲಿ ಕೆಟ್ಟಿದೆ ಎಂದು ಹುಡುಕಿ ಸಂಬಳ ತಿಂದವನು ನಾನು. ಸ್ವಿಚ್ ನೋಡಿದೆ, ತೀರ್ಪು ಕೊಟ್ಟೆ. ನೀನು ಬೇರೆ ಯಾವುದೋ ಸ್ವಿಚ್ ಆರಿಸಿದ್ದೀ ಎಂದೆ. ಫ್ಯಾನು ನಿಂತಿತ್ತು ಮಾವ, ನಾನೇ ನೋಡಿದೆ ಎಂದು ನೀನು ಅಳುತ್ತ ಹೇಳಿದೆ. ಫ್ಯಾನು ನಿಂತಿದ್ರೆ ಕರೆಂಟು ಎಲ್ಲಿಂದ ಬಂತು, ಮಕ್ಕಳಿಗೂ ಗೊತ್ತಾಗೋ ಮಾತಿದು, ಮನುಷ್ಯ ಸುಳ್ಳು ಹೇಳ್ತಾನೆ, ಸ್ವಿಚ್ ಹೇಳಲ್ಲ ಎಂದು ಬಂದವರೆಲ್ಲರ ಎದುರಿಗೆ ಕಿರುಚಿದೆ. ಎದುರುಮನೆಯ ಬಡಗಿ ಕೇಳಿದ, ನನ್ನ ಹಳೆಯ ಗ್ಯಾಂಗಿನವರು ಕೇಳಿದರು, ನಿನ್ನ ಸೆರಗು ಹಿಡಿದುಕೊಂಡು ನಿಂತಿದ್ದ ಮಗುವೂ ಕೇಳಿತು. ಎಲುಬಿಲ್ಲದ ನಾಲಿಗೆ ಎನ್ನುತ್ತಾರಲ್ಲ, ಅವತ್ತು ನನ್ನದು ನಿನ್ನ ಎಲುಬನ್ನೇ ಮುರಿಯಿತು. ಅವನು ತೀರಿಹೋದ ಹನ್ನೆರಡನೇ ದಿನ ನೀನು ಮಗುವನ್ನು ಕರೆದುಕೊಂಡು ಅಕ್ಕನ ಮನೆಗೆ ಹೊರಟಾಗ ನಾನು ಬಾಗಿಲವರೆಗೂ ಬರಲಿಲ್ಲ.

ಎರಡು ತಿಂಗಳ ಹಿಂದೆ ನಿನ್ನ ಅತ್ತೆಗೆ ನೀನು ಬರೆದ ಕಾಗದವನ್ನು ನಾನೇ ಓದಿ ಹೇಳಿದೆ. ಅವಳ ಕನ್ನಡಕ ಒಡೆದಿತ್ತು. ಮಾವ ಹೇಳಿದ್ದೇ ಸರಿಯಿರಬಹುದು ಅತ್ತೆ, ನೆನಪು ಮಾಡ್ಕೊಂಡಷ್ಟೂ ಕಲಸಿ ಹೋಗುತ್ತೆ, ನಾನು ಬೇರೆ ಸ್ವಿಚ್ಚೇ ಒತ್ತಿದ್ನೇನೋ, ಈಗ ಯಾವ ಸ್ವಿಚ್ಚನ್ನೂ ಮುಟ್ಟಲ್ಲ, ಮನೆಯ ದೀಪವನ್ನೆಲ್ಲ ಮಗಳೇ ಹಾಕ್ತಾಳೆ, ಆರಿಸ್ತಾಳೆ. ಹೀಗೆಲ್ಲ ಬರೆದಿದ್ದೆ. ಮಿಷನ್ನು ಬಿಟ್ಟು ಕೈಹೊಲಿಗೆಗೆ ಇಳಿದದ್ದು ಯಾಕೆಂದು ಆಗ ತಿಳಿಯಿತು. ನಿನ್ನ ಅತ್ತೆ ಮುಖ ಮುಚ್ಚಿಕೊಂಡು ಅತ್ತಳು. ನನಗೆ ಏನಾಯಿತು ಎಂದು ಮುಚ್ಚಿಡದೆ ಬರೆಯುತ್ತೇನೆ. ನನಗೆ ಸಮಾಧಾನವಾಯಿತು. ಕೊನೆಗೂ ಒಪ್ಪಿಕೊಂಡಳಲ್ಲ ಎಂದು ಕಾಗದ ಮಡಚಿಟ್ಟು ಎರಡು ತುತ್ತು ಹೆಚ್ಚಿಗೇ ಊಟ ಮಾಡಿದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ನೀನೇ ಎಷ್ಟು ಸಲ ರೇಗಿಸಿದ್ದೀಯ. ಆ ಮೊಲವನ್ನು ಎರಡು ತಿಂಗಳು ತಲೆಯ ಮೇಲೆ ಹೊತ್ತುಕೊಂಡು ತಿರುಗಿದೆ.

ಈಗ ಮೊನ್ನೆ ಶನಿವಾರದ ವಿಷಯ. ಮಗನ ಫೋಟೋ ಗೋಡೆಗೆ ಹಾಕಬೇಕು ಎಂದು ನಿನ್ನ ಅತ್ತೆ ಒಂದು ವರ್ಷದಿಂದ ಕೇಳುತ್ತಿದ್ದಳು. ಹಾಕಿದರೆ ಅವನು ಫೋಟೋದವನೇ ಆಗಿಬಿಡುತ್ತಾನೆ ಎಂದು ನಾನು ಏನೇನೋ ನೆಪ ಹೇಳಿ ತಳ್ಳುತ್ತಿದ್ದೆ. ಮೊಳೆ ಇಲ್ಲ ಎಂದೆ, ಸುತ್ತಿಗೆಯ ಹಿಡಿ ಸಡಿಲ ಎಂದೆ. ಅವಳು ಬಡಗಿಯ ಹತ್ತಿರ ಹೋಗಿ ಸುತ್ತಿಗೆಯನ್ನೂ ಮೂರಂಗುಲದ ಮೊಳೆಯನ್ನೂ ತಂದು ನನ್ನ ಮುಂದಿಟ್ಟಳು. ನೀನು ನೋಡಿದ್ದೀಯ ಆ ಫೋಟೋವನ್ನು, ಬಸ್ಸಿನ ಬಾಗಿಲಲ್ಲಿ ನಿಂತು ನಗುತ್ತಿರುವುದು. ಹಾಲಿನ ಗೋಡೆಯ ನಡುಮಧ್ಯೆ, ಕಿಟಕಿಯ ಬೆಳಕು ಬೀಳುವ ಕಡೆ ಜಾಗ ತೋರಿಸಿದಳು. ವೈರು ಇರಬಹುದಾ ನೋಡಿ ಎಂದೂ ಹೇಳಿದಳು. ಈ ಮನೆಯ ವೈರಿಂಗ್ ಮಾಡಿದವನಿಗೇ ಹೇಳಿಕೊಡ್ತೀಯಾ ಎಂದು ರೇಗಿದೆ. ವೈರು ಯಾವತ್ತಿದ್ದರೂ ನೆಟ್ಟಗೆ ಮೇಲಕ್ಕೆ, ನೆಟ್ಟಗೆ ಅಡ್ಡಕ್ಕೆ ಹೋಗಬೇಕು, ಗೋಡೆಯ ನಡುಮಧ್ಯೆ ಇರಲು ಸಾಧ್ಯವೇ ಇಲ್ಲ. ನಾಲ್ಕನೇ ಪೆಟ್ಟಿಗೆ ಫಟ್ ಎಂದು ನೀಲಿ ಬೆಂಕಿ ಹಾರಿತು. ಮೊಳೆಯ ಸುತ್ತ ಗೋಡೆ ಕಪ್ಪಾಯಿತು, ಸುಟ್ಟ ವಾಸನೆ ಬಂತು. ಸುತ್ತಿಗೆಯ ಹಿಡಿ ಮರದ್ದು, ಹಾಗಾಗಿ ನಾನು ಇವತ್ತು ಕೂತು ಕಾಗದ ಬರೆಯುತ್ತಿದ್ದೇನೆ. ನಿನ್ನ ಅತ್ತೆ ಫೋಟೋವನ್ನು ಎದೆಗೆ ಅವಚಿಕೊಂಡು ಗೋಡೆಗೆ ಒರಗಿಬಿಟ್ಟಳು. ಪಾಪ, ಎರಡನೇ ಸಲ ಎಂದುಕೊಂಡಿರಬೇಕು.

ಮೇನ್ ಇಳಿಸಿ, ಮೊಳೆ ಕಿತ್ತು, ಸುಟ್ಟ ಫ್ಯೂಸಿಗೆ ಹೊಸ ತಂತಿ ಕಟ್ಟಿದೆ. ಮೇನ್ ಏರಿಸಿದರೆ ಮನೆಯ ಉಳಿದ ಕಡೆಯೆಲ್ಲ ಕರೆಂಟು ಬಂತು, ಹಿಂದಿನ ಕೋಣೆಗೆ ಮಾತ್ರ ಇಲ್ಲ. ಬಲ್ಬು ತೆಗೆದು ಅಡುಗೆಮನೆಯಲ್ಲಿ ಹಾಕಿದೆ, ಉರಿಯಿತು. ಅಂದರೆ ಬಲ್ಬಿನ ದೋಷವಲ್ಲ. ಹೊರಬಾಗಿಲ ಬಳಿಯ ಮೇನ್ ಬೋರ್ಡಿನಲ್ಲಿ ಟೆಸ್ಟರ್ ಇಟ್ಟೆ, ಬೆಳಗಿತು. ಅಂದರೆ ಕರೆಂಟು ಇಲ್ಲಿಂದ ಹೊರಡುತ್ತಿದೆ, ಕೋಣೆಯ ಸ್ವಿಚ್ಚಿಗೆ ತಲುಪುವುದರೊಳಗೆ ಮೊಳೆ ಬಿದ್ದ ಕಡೆ ಕೇಬಲ್ ಸತ್ತಿದೆ. ಅಷ್ಟು ಸುಲಭದ ಲೆಕ್ಕ. ಆದರೆ ಕೇಬಲ್ ಅಲ್ಲಿಗೆ ಹೇಗೆ ಬಂತು? ಗೋಡೆಯ ಗಾರೆ ಕೆತ್ತಿ ನೋಡಿದರೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓರೆಯಾಗಿ ಹೋಗಿದೆ. ಯಾವ ಅಯೋಗ್ಯ ಹೀಗೆ ಎಳೆದ ಎಂದು ಬಾಯಿಬಿಟ್ಟು ಬೈದ ಮೇಲೆ ನೆನಪಾಯಿತು, ಆ ಅಯೋಗ್ಯ ನಾನೇ.

ಹನ್ನೊಂದು ವರ್ಷದ ಹಿಂದೆ, ನಿಮ್ಮ ಮದುವೆಯ ಹಿಂದಿನ ದಿನ ಅದು. ಸೊಸೆ ಹೊಲಿಗೆ ಕೆಲಸದವಳು, ಅವಳಿಗೊಂದು ಕೋಣೆ ಬೇಕು, ಅದರಲ್ಲಿ ಅವಳು ಕಾಲಿಡುವ ಮೊದಲು ಬೆಳಕಿರಬೇಕು ಎಂದು ನನಗೆ ಹುಚ್ಚು. ಕೆಲಸದ ಕಡೆ ಉಳಿದಿದ್ದ ಒಂದು ತುಂಡು ಕೇಬಲ್ಲನ್ನು ಕೇಳಿ ತಂದಿದ್ದೆ. ಅದು ನೆಟ್ಟಗೆ ಹೋಗಲು ಒಂದು ಮೊಳ ಕಡಿಮೆ ಬಿತ್ತು. ಅಂಗಡಿಗೆ ಹೋಗಿ ತರಲು ಪುರುಸೊತ್ತಿರಲಿಲ್ಲ, ಪೈಪನ್ನೇ ಓರೆಯಾಗಿ ಕೂರಿಸಿ, ಅದರೊಳಗೆ ಎಳೆದು ಗಾರೆ ಬಳಿದುಬಿಟ್ಟೆ. ಇನ್ನೊಂದು ತೊಡಕಿತ್ತು. ಆ ತುಂಡಿನ ಒಳಗಿನ ಎರಡು ತಂತಿಯೂ ಕರಿ. ಕರೆಂಟು ಬರುವ ತಂತಿ ಯಾವುದು, ಮರಳಿ ಹೋಗುವ ತಂತಿ ಯಾವುದು ಎಂದು ಬಣ್ಣದಿಂದ ಗೊತ್ತಾಗುವುದಿಲ್ಲ. ನಮ್ಮ ಗ್ಯಾಂಗಿನಲ್ಲಿ ಅದಕ್ಕೊಂದು ಪದ್ಧತಿ. ಕರೆಂಟು ಬರುವ ತಂತಿಯ ಎರಡು ತುದಿಗೂ ಮೇಣದ ದಾರದ ಗಂಟು ಕಟ್ಟುವುದು, ಗುಂಡಿಯ ಕತ್ತಲಲ್ಲೂ ಬೆರಳಿಗೆ ತಿಳಿಯಲಿ ಎಂದು. ಒಬ್ಬ ಕಟ್ಟಿದ್ದನ್ನು ಇನ್ನೊಬ್ಬ ಬ್ಯಾಟರಿ, ಗಂಟೆ ಇಟ್ಟು ಪರೀಕ್ಷೆ ಮಾಡದೆ ಮುಚ್ಚುವಂತಿಲ್ಲ, ಎರಡು ತುದಿಯೂ ಒಂದೇ ತಂತಿಯದಾದರೆ ಮಾತ್ರ ಗಂಟೆ ಬಾರಿಸುತ್ತದೆ. ನೀನು ಕಟ್ಟಿದ ಗಂಟನ್ನ ನೀನೇ ನಂಬಬೇಡ ಕಣಯ್ಯ ಎಂದು ನಮ್ಮ ಮೇಸ್ತ್ರಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಅವನು ಹೋದಮೇಲೆ ಆ ಮಾತನ್ನು ಹೊಸಬರಿಗೆಲ್ಲ ನಾನು ಹೇಳಿದೆ, ಒಮ್ಮೆ ಪರೀಕ್ಷೆ ಮಾಡದೆ ಮುಚ್ಚಿದವನಿಗೆ ಇಡೀ ಗುಂಡಿ ಮತ್ತೆ ಅಗೆಸಿದೆ. ಮನೆಯಲ್ಲಿ? ಮನೆಯಲ್ಲಿ ಯಾರಿದ್ದಾರೆ ಪರೀಕ್ಷೆ ಮಾಡಲು, ನನ್ನ ಮನೆ, ನನ್ನ ಕೈ. ಮೇನ್ ಬೋರ್ಡಿನ ತುದಿಯಲ್ಲಿ ಎಡಗಡೆಯ ತಂತಿಗೆ ಗಂಟು ಕಟ್ಟಿ ಪೈಪಿನೊಳಗೆ ಎಳೆದೆ, ಕೋಣೆಯ ತುದಿಯಲ್ಲೂ ಎಡಗಡೆಯದಕ್ಕೇ ಕಟ್ಟಿದೆ. ಸ್ವಿಚ್ ಹಾಕಿದೆ, ಬಲ್ಬು ಉರಿಯಿತು, ಬೆನ್ನು ತಟ್ಟಿಕೊಂಡೆ. ದೀಪದ ಕೆಳಗೆ ಕತ್ತಲು ಎಂಬುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ಶನಿವಾರ ಆ ಸ್ವಿಚ್ಚಿನ ಪೆಟ್ಟಿಗೆ ಬಿಚ್ಚಿದೆ. ಹನ್ನೊಂದು ವರ್ಷದ ಗಂಟು ಹಾಗೇ ಇತ್ತು, ಮೇಣವೂ ಕರಗಿರಲಿಲ್ಲ. ಗಂಟಿದ್ದ ತಂತಿ ಸ್ವಿಚ್ಚಿನೊಳಗೆ ಹೋಗಿದೆ, ಅದಕ್ಕೆ ಟೆಸ್ಟರ್ ಇಟ್ಟರೆ ಬೆಳಗಲಿಲ್ಲ. ಸರಿ, ಸತ್ತಿರುವುದು ಇದೇ ಎಂದುಕೊಂಡೆ. ಅಭ್ಯಾಸಬಲದಿಂದ ಇನ್ನೊಂದಕ್ಕೂ ಇಟ್ಟೆ. ಗಂಟಿಲ್ಲದ ತಂತಿ ಅದು, ಸ್ವಿಚ್ಚಿಗೆ ಸೋಕದೆ ನೇರವಾಗಿ ಕೋಣೆಗೆ ಹೋಗುವುದು, ಅದರಲ್ಲಿ ಏನೂ ಇರಬಾರದು. ಟೆಸ್ಟರ್ ಬೆಳಗಿತು. ಮೊಳೆಯ ಬೆಂಕಿಗೆ ಎರಡೂ ತಂತಿ ಬೆಸೆದುಕೊಂಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ, ಆದರೂ ನಂಬಲಿಲ್ಲ. ಮೇನ್ ಇಳಿಸಿ, ಕೇಬಲ್ಲಿನ ಎರಡು ತುದಿಯನ್ನೂ ಬಿಚ್ಚಿ, ಅಟ್ಟದ ಮೇಲಿದ್ದ ನನ್ನ ಹಳೆಯ ಗಂಟೆಯನ್ನು ಇಳಿಸಿದೆ. ಇಬ್ಬರಿಲ್ಲದೆ ಆಗದ ಕೆಲಸ ಅದು. ನಿನ್ನ ಅತ್ತೆಯನ್ನು ಬ್ಯಾಟರಿ ಕೊಟ್ಟು ಹೊರಬಾಗಿಲ ಬಳಿ ಸ್ಟೂಲಿನ ಮೇಲೆ ಕೂರಿಸಿದೆ, ನಾನು ಗಂಟೆ ಹಿಡಿದು ಕೋಣೆಯ ಸ್ವಿಚ್ಚಿನ ಬಳಿ ಕೂತೆ. ಬ್ಯಾಟರಿಯ ಒಂದು ಕಡೆಯಿಂದ ನೆಲದ ಮೇಲೆ ಉದ್ದಕ್ಕೆ ವೈರು ಹಾಸಿ ನನ್ನ ಗಂಟೆಗೆ ಸಿಕ್ಕಿಸಿದೆ, ಇನ್ನೊಂದು ಕಡೆಯ ವೈರನ್ನು ಅವಳು ನಾನು ಹೇಳಿದ ತಂತಿಗೆ ಮುಟ್ಟಿಸಬೇಕು. ಅವಳಿಗೆ ಇದೊಂದು ಆಟದಂತೆ ಆಯಿತು, ಎಷ್ಟೋ ದಿನಕ್ಕೆ ದನಿಯಲ್ಲಿ ಸ್ವಲ್ಪ ಗೆಲುವು ಇತ್ತು. ಗಂಟಿರೋದಕ್ಕೆ ಹಿಡಿ ಎಂದೆ. ಹಿಡಿದೆ ಎಂದಳು. ನನ್ನ ಕಡೆಯ ಗಂಟಿರುವ ತಂತಿಗೆ ಗಂಟೆ ಮುಟ್ಟಿಸಿದೆ. ಸದ್ದಿಲ್ಲ. ಗಂಟಿಲ್ಲದ್ದಕ್ಕೆ ಹಿಡಿ ಎಂದೆ, ನನ್ನ ಕಡೆಯ ಗಂಟಿಲ್ಲದ್ದಕ್ಕೆ ಮುಟ್ಟಿಸಿದೆ. ಸದ್ದಿಲ್ಲ. ಉಳಿದದ್ದು ಒಂದೇ, ಅದನ್ನು ಮಾಡಲು ಎಷ್ಟು ಹೊತ್ತು ಕೂತಿದ್ದೆನೋ. ಏನ್ರೀ, ನಿದ್ದೆ ಬಂತಾ ಎಂದು ಕೂಗಿದಳು. ಮತ್ತೆ ಗಂಟಿರೋದಕ್ಕೆ ಹಿಡಿ ಎಂದೆ. ನನ್ನ ಕಡೆಯ ಗಂಟಿಲ್ಲದ ತಂತಿಗೆ ಮುಟ್ಟಿಸಿದೆ. ಗಂಟೆ ಬಾರಿಸಿತು. ಮನೆಯೆಲ್ಲ ಕೇಳುವಂತೆ ಬಾರಿಸಿತು. ಸಿಕ್ತು! ಸಿಕ್ತಲ್ವಾ? ಎಂದು ಅವಳು ಅಲ್ಲಿಂದ ಚಪ್ಪಾಳೆ ತಟ್ಟಿದಳು. ಸಿಕ್ಕಿತು ಎಂದೆ.

ಪೈಪಿನೊಳಗೆ ಕೇಬಲ್ ಒಂದು ಸಲ ಹೊರಳಿಕೊಂಡಿತ್ತು ಸೂಜಿ, ಅಷ್ಟೇ ಆದದ್ದು. ಎಡದ್ದು ಬಲಕ್ಕೆ ಬಂದಿತ್ತು. ನಾನು ಗಂಟು ಕಟ್ಟಿ ಸ್ವಿಚ್ಚಿಗೆ ಕೊಟ್ಟದ್ದು ಮರಳಿ ಹೋಗುವ ತಂತಿಯನ್ನು. ಕರೆಂಟು ಬರುವ ತಂತಿ ಯಾವ ಸ್ವಿಚ್ಚಿನ ಹಂಗೂ ಇಲ್ಲದೆ ಹನ್ನೊಂದು ವರ್ಷ ನೇರವಾಗಿ ನಿನ್ನ ಕೋಣೆಯಲ್ಲಿ ಕೂತಿತ್ತು. ಅಂಥ ಸ್ವಿಚ್ ಆರಿಸಿದರೆ ಬಲ್ಬು ಆರುತ್ತದೆ, ಫ್ಯಾನು ನಿಲ್ಲುತ್ತದೆ, ಯಾಕೆಂದರೆ ಕರೆಂಟಿಗೆ ಮರಳುವ ದಾರಿ ಇರುವುದಿಲ್ಲ. ಆದರೆ ಪ್ಲಗ್ಗಿನವರೆಗೆ ಅದು ಬಂದೇ ಇರುತ್ತದೆ. ದಾರಿಯಾಗಲು ಒಬ್ಬ ಮನುಷ್ಯ ಬರಿಗಾಲಲ್ಲಿ ನೆಲದ ಮೇಲೆ ಕೂತರೆ ಸಾಕು. ಅವತ್ತು ನೀನು ಇನ್ನೊಂದು ಮಾತು ಹೇಳಿದ್ದೆ, ಅದನ್ನು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಟೆಸ್ಟರ್ ತರ್ಲಾ ಅಂತ ಅವರನ್ನ ಕೇಳ್ದೆ ಮಾವ, ಅಪ್ಪ ಹಾಕಿದ ವೈರಿಂಗ್, ಅದಕ್ಯಾಕೆ ಟೆಸ್ಟರ್ ಅಂದ್ರು. ನನ್ನ ಮೇಲೆ ಗೂಬೆ ಕೂರಿಸುತ್ತಿದ್ದೀ ಎಂದು ಆಗ ನಿನ್ನ ಮೇಲೆ ಹಾರಿಬಿದ್ದಿದ್ದೆ. ಎರಡು ದಿನದಿಂದ ಅದೊಂದೇ ಮಾತು ಕಿವಿಯಲ್ಲಿದೆ. ಮಗನಿಗೆ ನಾನು ಕಲಿಸದೆ ಬಿಟ್ಟದ್ದು ಒಂದೇ, ಅಪ್ಪನನ್ನೂ ಒಮ್ಮೆ ಪರೀಕ್ಷೆ ಮಾಡು ಎಂದು. ಮೊಳೆ ಬಿದ್ದ ಕೇಬಲ್ಲನ್ನು ನಾನು ರಿಪೇರಿ ಮಾಡಿಲ್ಲ, ಇನ್ನು ಮುಟ್ಟುವುದೂ ಇಲ್ಲ. ನಾಳೆ ಗ್ಯಾಂಗಿನ ಹಳೆಯ ಗೆಳೆಯನೊಬ್ಬ ಬಂದು ಹೊಸದು ಎಳೆಯುತ್ತಾನೆ, ಇನ್ನೊಬ್ಬ ಪರೀಕ್ಷೆ ಮಾಡುತ್ತಾನೆ. ಹಳೆಯದನ್ನು ಕೀಳುವ ಮೊದಲು ಅವರಿಬ್ಬರಿಗೂ ಗಂಟು ತೋರಿಸಿ, ಇದು ಯಾರ ಗಂಟು ಎಂದು ಹೇಳುತ್ತೇನೆ. ಬಡಗಿಗೆ ಸುತ್ತಿಗೆ ವಾಪಸ್ಸು ಕೊಡುವಾಗ ಅವನಿಗೂ ಹೇಳುತ್ತೇನೆ. ಅವತ್ತು ಕೇಳಿದವರೆಲ್ಲ ಇದನ್ನೂ ಕೇಳಲಿ.

ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ, ವಾಪಸ್ಸು ಬಾ ಎಂದು ಕೇಳಲು ಬಾಯಿಯೂ ಇಲ್ಲ. ನಿನ್ನ ಮಿಷನ್ನಿಗೆ ತಿಂಗಳಿಗೊಮ್ಮೆ ಎಣ್ಣೆ ಬಿಡುತ್ತಿದ್ದೇನೆ. ಬೇಕೆಂದರೆ ಒಂದು ಸಾಲು ಬರೆ, ಗಾಡಿಗೆ ಹಾಕಿಸಿ ಕಳಿಸುತ್ತೇನೆ. ಅಕ್ಕ ಭಾವನಿಗೆ ನನ್ನ ನೆನಪು ಹೇಳು, ನಿಮ್ಮಿಬ್ಬರನ್ನೂ ಇಷ್ಟು ದಿನ ಅವರು ನೋಡಿಕೊಂಡ ಋಣ ನನ್ನ ಮೇಲಿದೆ. ಪ್ರಶ್ನೆಪತ್ರಿಕೆಯ ನೆತ್ತಿಯ ಮೇಲೆ ನನ್ನ ಪರವಾಗಿ ಕೈಯಿಡು. ನೂರು ವರ್ಷ ಪ್ರಶ್ನೆ ಕೇಳುತ್ತಲೇ ಇರಲಿ, ಯಾರು ಎಷ್ಟು ಗದರಿದರೂ ನಿಲ್ಲಿಸದಿರಲಿ.

ನೀನು ಇನ್ನೂ ಹಾಗೆ ಕರೆಯುವುದಾದರೆ,
ನಿನ್ನ ಮಾವ

ತಾ.ಕ. ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಇಷ್ಟುದ್ದ ಬರೆದರೂ ಬರೆಯಬೇಕಾದ ಸಾಲನ್ನೇ ಬರೆದಿಲ್ಲ. ನೀನು ಸ್ವಿಚ್ ಆರಿಸಿದ್ದೆ. ಸರಿಯಾದದ್ದನ್ನೇ ಆರಿಸಿದ್ದೆ. ನಿನ್ನ ಕೈ ತಪ್ಪಲಿಲ್ಲ, ನಿನ್ನ ನೆನಪೂ ತಪ್ಪಲಿಲ್ಲ. ತಪ್ಪಿದ್ದು ನನ್ನ ಕೈ, ನೀನು ಈ ಮನೆಗೆ ಬರುವ ಹಿಂದಿನ ದಿನವೇ ತಪ್ಪಿತ್ತು. ಇದನ್ನು ಮಗುವಿನ ಕೈಯಲ್ಲಿ ಗಟ್ಟಿಯಾಗಿ ಓದಿಸು, ಅವಳೂ ಅವತ್ತು ಕೇಳಿದ್ದಾಳೆ. ಇವತ್ತಿನಿಂದ ಮನೆಯ ದೀಪ ನೀನೇ ಹಾಕು, ನೀನೇ ಆರಿಸು. ನಿನ್ನ ಅತ್ತೆಗೆ ಇನ್ನೂ ಹೇಳಿಲ್ಲ. ಬ್ಯಾಟರಿ ಹಿಡಿದು ಕೂತಿದ್ದವಳಿಗೆ ತಾನು ಏನು ಹುಡುಕಿಕೊಟ್ಟೆ ಎಂದು ಗೊತ್ತೇ ಇಲ್ಲ, ಸಿಕ್ಕಿತಲ್ಲ, ಮತ್ಯಾಕೆ ಹೀಗೆ ಕೂತಿದ್ದೀರಿ ಎಂದು ಎರಡು ದಿನದಿಂದ ಕೇಳುತ್ತಿದ್ದಾಳೆ. ಮೊದಲು ಅವಳಿಗೆ ಹೇಳಿದರೆ ನಿನಗೆ ಬರೆಯುವ ಧೈರ್ಯ ಉಳಿಯುವುದಿಲ್ಲವೆಂದು ಹೆದರಿದೆ. ನಾಲ್ಕು ಗಂಟೆಗೆ ಅಂಚೆ ಡಬ್ಬಿ ತೆಗೆಯುತ್ತಾರೆ, ಈಗ ಹತ್ತು ನಿಮಿಷ ಇದೆ. ಹಾಕಿ ಬಂದು ಅವಳ ಪಕ್ಕ ಕೂತು ಹೇಳುತ್ತೇನೆ. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಳೆ. ಈಗಷ್ಟೇ ಅಲ್ಲಿಂದ ಕೂಗಿ ಕೇಳಿದಳು, ಮಗನ ಫೋಟೋಗೆ ಬೇರೆ ಜಾಗ ನೋಡಿದ್ರಾ ಅಂತ.